ಹೆಸರಿಲ್ಲದ ಹತ್ತನೆಯ ಗಿಡ

ಓದುವವರೆಲ್ಲರಿಗೂ ನಮಸ್ಕಾರ. ಮನೆಮಾತು ಕನ್ನಡವಾದರೂ ಅದರ ಅಕ್ಷರ ನನಗೆ ಸಿಕ್ಕಿದ್ದು ತಲೆ ನರೆಯುವ ಹೊತ್ತಿಗೆ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಪಕ್ಕದ ಮನೆಯ ಅತ್ತೆಯ ಬಲಗೈಯ ಎರಡು ಬೆರಳು ಯಾವಾಗಲೂ ಬೂದಿ ಬಣ್ಣ. ತಮಿಳುನಾಡಿನ ನಮ್ಮ ನೆಗಮಂನ ಮಗ್ಗಗಳಲ್ಲಿ ಒಂದು ಹಾಸು, ಅಂದರೆ ಉದ್ದದ ಎಳೆಗಳ ಸಾಲು, ಮುಗಿದಾಗ, ಹೊಸ ಹಾಸಿನ ಪ್ರತಿ ಎಳೆಯನ್ನೂ ಹಳೆಯದರ ತುದಿಗೆ ಹೊಸೆದು ಸೇರಿಸಬೇಕು. ಎಳೆ ಜಾರದಿರಲೆಂದು ಬೆರಳಿಗೆ ಬೂದಿ ಮುಟ್ಟಿಸಿಕೊಳ್ಳುತ್ತಾರೆ. ಅತ್ತೆಗೆ ಅದೇ ಕೆಲಸ. ಕಣ್ಣಿಗೆ ಪೊರೆ ಬಂದ ಮೇಲೂ ಬಿಡಲಿಲ್ಲ. ಅವರು ಸೇರಿಸಿದ ಎಳೆ ಬಿಚ್ಚಿದ್ದನ್ನು ನಾನು ನೋಡಿಲ್ಲ.

ಊರಾಚೆಯ ಕುಂಟೆಯ ನೀರುಗಿಡಗಳೂ ಆ ಬೆರಳುಗಳಿಗೆ ಗೊತ್ತಿದ್ದವು.

ಮಗ್ಗದ ಕೆಲಸದ ನಡುವೆಯೇ ನಾನು ಹತ್ತನೆಯ ತರಗತಿಯ ಪರೀಕ್ಷೆಗೆ ಕಟ್ಟಿದ್ದ ವರ್ಷವದು. ನೀರಿನಲ್ಲಿ ಬೆಳೆಯುವ ಹತ್ತು ಗಿಡ ಒಣಗಿಸಿ, ಪುಸ್ತಕಕ್ಕೆ ಅಂಟಿಸಿ, ಹೆಸರು ಬರೆದು ತನ್ನಿ, ಹತ್ತಿಲ್ಲದಿದ್ದರೆ ಪುಸ್ತಕ ತೆಗೆದುಕೊಳ್ಳುವುದಿಲ್ಲ ಎಂದಿದ್ದರು ಮೇಷ್ಟ್ರು. ನನಗೋ ತಾವರೆ ಬಿಟ್ಟರೆ ಉಳಿದದ್ದೆಲ್ಲ ಹುಲ್ಲು. ಅತ್ತೆಯನ್ನು ಕೇಳಿದೆ. ಇದೂ ಒಂದು ಶಾಲೆಯೇ ಎಂಬಂತೆ ಅಮ್ಮ ನಕ್ಕಳು.

"ಇವನ್ಗೆ ನರೆ, ಅವಳ್ಗೆ ಪೊರೆ. ಒಳ್ಳೆ ಪಳ್ಳಿಕೂಡ!"

"ಅವಳು ನಗ್ತಾ ಇರ್ಲಿ. ನೀ ಬಾ ಸಾಮಿ," ಎಂದರು ಅತ್ತೆ.

ಆ ಭಾನುವಾರಗಳ ಸಂಜೆಯನ್ನು ನೆನೆದರೆ ನೀರಿನೊಳಗಿಂದ ನೋಡಿದ ಹಾಗಿರುತ್ತದೆ. ಪಾಲಕ್ಕಾಡಿನ ಕಡೆಯ ಗಾಳಿ ಬೀಸುತ್ತಿತ್ತು. ತೆಂಗಿನ ನೆರಳು ನೀರಿನ ಮೇಲೆ ಉದ್ದವಾಗುತ್ತಿತ್ತು, ಮುರಿಯುತ್ತಿತ್ತು, ಮತ್ತೆ ಕೂಡಿಕೊಳ್ಳುತ್ತಿತ್ತು. ಮೊಣಕಾಲುದ್ದ ನೀರಿನಲ್ಲಿ ಅತ್ತೆ ಕಣ್ಣು ಮುಚ್ಚಿ ನಿಂತಿರುತ್ತಿದ್ದರು. ನಾನು ಕಿತ್ತು ಕೊಟ್ಟ ದಂಟನ್ನು ಎಳೆಯಂತೆ ಹೊಸೆಯುತ್ತಿದ್ದರು.

"ದಂಟು ಮೂರು ಮೂಲೆ. ಕೋರೆ ಹುಲ್ಲು, ಚಾಪೆ ನೇಯೋದು."

"ಎಲೆ ಒಂದ್ಕಡೆ ಸೀಳೈತಾ? ಹಂಗಾದ್ರೆ ನೈದಿಲೆ. ತಾವ್ರೆ ಎಲೆ ಸೀಳಿರಲ್ಲ."

ನಾಲ್ಕೆಲೆಯ ಒಂದು ಪುಟ್ಟ ಸೊಪ್ಪನ್ನು ಮಾತ್ರ ಕೂಡಲೇ ಕೀಳಗೊಡಲಿಲ್ಲ. "ಆರೈ ಕೀರೆ. ಇರು, ಹೊತ್ತು ಮುಳುಗ್ಲಿ." ಕತ್ತಲಾಗುತ್ತಿದ್ದಂತೆ ಅದರ ಎಲೆಗಳು ಒಂದಕ್ಕೊಂದು ಸೇರಿದವು. "ನೋಡ್ದಾ, ಕೈ ಮುಗೀತದೆ."

ಹೀಗೆ ಒಂಬತ್ತಾಯಿತು. ಹತ್ತನೆಯದು ನೀರಿನಡಿಯ ಕೂದಲಿನಂಥ ಗಿಡ, ಮೇಲೆ ಒಂದು ಚಿಕ್ಕ ಹಳದಿ ಹೂವು. ಅತ್ತೆ ಬಹಳ ಹೊತ್ತು ಹೊಸೆದರು, ಮೂಸಿದರು.

"ಇದು ಗೊತ್ತಿಲ್ಲ ಸಾಮಿ."

"ಏನಾದ್ರೂ ಒಂದ್ ಪೇರು ಹೇಳತ್ತೆ. ಮೇಷ್ಟ್ರು ಕುಂಟೆಗೆ ಬಂದು ನೋಡ್ತಾರಾ?"

"ಪೇರಿಡಕ್ಕೆ ಇದೇನು ನನ್ ಮೊಮ್ಮಗುವಾ?"

ಮನೆಗೆ ಬಂದು ನಾನೇ 'ಕೂದಲು ಪಾಚಿ' ಎಂದು ಬರೆದುಬಿಟ್ಟೆ. ಪುಸ್ತಕ ಮುಗಿಯಿತು.

ಆ ವಾರವೇ, ಕಲಿತ ಜಂಬದಲ್ಲಿ ಒಬ್ಬನೇ ಹೋಗಿ ವಳ್ಳೈ ಕೀರೆ ತಂದೆ. ನೀರಿನ ಮೇಲೆ ಹರಡುವ ಸೊಪ್ಪು, ನೇರಳೆ ಹೂವು, ಪಲ್ಯಕ್ಕೆ ರುಚಿ. ಅಮ್ಮ ತೊಳೆದು ಹೆಚ್ಚಲು ಕೂತಿದ್ದಳು. ಮಾತಾಡಲು ಬಂದ ಅತ್ತೆ ಸುಮ್ಮನೆ ಒಂದು ದಂಟು ಎತ್ತಿ ಹೊಸೆದರು. ಬೆರಳು ನಿಂತಿತು.

"ಇದು ಮಲಗಿತ್ತಾ, ನಿಂತಿತ್ತಾ?"

"ನಿಂತಿತ್ತು. ದಡದಾಗೆ."

"ಬೇಲಿ ಕಾಟಾಮಣಕ್ಕು ಇದು, ಹೂವು ಮಾತ್ರ ವಳ್ಳೈ ಥರ! ಆಡು ತಿಂದ್ರೇ ಸಾಯ್ತದೆ. ವಳ್ಳೈ ಅಂತ ಪೇರಿಟ್ಟೋರು ಯಾರು?"

"ನಾನೇ ಅತ್ತೆ."

ಅಮ್ಮ ಕತ್ತಿ ಕೆಳಗಿಟ್ಟಳು. ಅತ್ತೆ ಬೈಯಲಿಲ್ಲ. "ಗೊತ್ತಿಲ್ಲ ಅಂದ್ರೆ ಏನೂ ಆಗಲ್ಲ ಸಾಮಿ. ತಪ್ಪು ಪೇರಿಟ್ರೆ ಅದು ತಟ್ಟೆಗೆ ಬರ್ತದೆ," ಎಂದು ಸೊಪ್ಪನ್ನೆಲ್ಲ ತಾವೇ ಬಾಚಿಕೊಂಡು ಹೋದರು.

ಅಂದೇ ಹತ್ತನೆಯ ಪುಟದ ಹೆಸರು ಅಳಿಸಿ, 'ಗೊತ್ತಿಲ್ಲ' ಎಂದು ಬರೆದೆ. ಮೇಷ್ಟ್ರು ಆ ಪುಟ ನೋಡಿದರು, ತಲೆಯೆತ್ತಿ ನನ್ನನ್ನೂ ನೋಡಿದರು. ಪುಸ್ತಕ ತೆಗೆದುಕೊಂಡರು.

ಹೋದ ಐಪಸಿ ತಿಂಗಳ ಮಳೆಯಲ್ಲಿ ಅತ್ತೆ ತೀರಿಕೊಂಡರು. ಅವರು ಕೊನೆಗೆ ಸೇರಿಸಿದ ಹಾಸು ನಮ್ಮ ಮಗ್ಗದ ಮೇಲೆಯೇ ಇತ್ತು. ಅದು ಮುಗಿದಾಗ ಬೇರೆ ಯಾರನ್ನೂ ಕರೆಯಲು ಮನಸ್ಸಾಗದೆ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಅವರ ಎಳೆಗಳ ತುದಿಗೆ ನಾನೇ ಹೊಸ ಎಳೆ ಹೊಸೆಯಲು ಕೂತೆ. ಎಷ್ಟೋ ಬಿಚ್ಚಿಕೊಂಡವು. ಮತ್ತೆ ಹೊಸೆದೆ.

ಹೆಸರು ಕಲಿಸಿದ ಇಂಥವರು ನಿಮಗೂ ಇದ್ದರೆ ಅವರ ಬಗ್ಗೆ ಬರೆಯಿರಿ, ಓದುತ್ತೇನೆ. ಕೂದಲಿನಂಥ ಎಲೆಯ, ಹಳದಿ ಹೂವಿನ ಆ ಗಿಡಕ್ಕೆ ನಿಮ್ಮ ಕಡೆ ಏನನ್ನುತ್ತಾರೆ ಎಂದೂ ತಿಳಿಸಿ. ಆದರೆ ಚೆನ್ನಾಗಿ ಗೊತ್ತಿದ್ದರೆ ಮಾತ್ರ. ಇಲ್ಲವಾದರೆ ಆ ಪುಟ ಹಾಗೆಯೇ ಇರಲಿ.