ಮುನ್ನೂರರಲ್ಲಿ ಉಳಿದಿದ್ದ ಒಂದು ತಟ್ಟೆ

ಡೆಲ್ಫಿಯಾ ಅಂಬರ್ಗಿಯ ಬಟ್ಟೆ ಒಗೆಯುವ ಅಂಗಡಿಯಲ್ಲಿ ಹನ್ನೆರಡು ಯಂತ್ರಗಳಿದ್ದವು, ಓಡುತ್ತಿದ್ದುದು ಒಂಬತ್ತು. ಒಂದು ಹೊರೆ ಬಟ್ಟೆ ಒಗೆಯಲು ಇಪ್ಪತ್ತೆಂಟು ನಿಮಿಷ, ಒಣಗಿಸಲು ನಲವತ್ತು. ಅವಳು ಅಲ್ಲಿ ಹಾಕುತ್ತಿದ್ದ ಗಾನತಟ್ಟೆಯ, ಅಂದರೆ ಎಲ್‌ಪಿ ರೆಕಾರ್ಡಿನ, ಒಂದು ಬದಿ ಹದಿನೆಂಟರಿಂದ ಇಪ್ಪತ್ತೆರಡು ನಿಮಿಷ. ಒಗೆಯುವಾಗ ಮೊದಲ ಬದಿ, ಒಣಗುವಾಗ ಎರಡನೆಯದು ಎಂಬುದು ಅವಳ ನಿಯಮ. ಯಾವ ತಟ್ಟೆ ಎಂದು ಕೇಳುವ ಹಕ್ಕು ಗಿರಾಕಿಗಿರಲಿಲ್ಲ. ಅವಳು ಬಟ್ಟೆಯ ಹೊರೆ ನೋಡಿ ಆರಿಸುತ್ತಿದ್ದಳು.

ನಾನು ಮೊದಲ ಸಲ ಹೋದದ್ದು ೧೯೮೬ರಲ್ಲಿ. ರಸಾಯನಶಾಸ್ತ್ರ ಓದಿ, ಪೂರ್ವ ಕೆಂಟಕಿಯ ನಮ್ಮ ಲಿಕ್‌ಫೋರ್ಕಿಗೇ ಮರಳಿ, ನೀರು ಶುದ್ಧೀಕರಿಸುವ ಘಟಕದ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದೆ. ಅವಳು ನನ್ನ ಬಿಳಿ ಕೋಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಇದೇನೋ ಈ ಕಂದು ಕಲೆ?"

"ಪರ್ಮ್ಯಾಂಗನೇಟ್."

"ಹೋಗಲ್ಲ ಬಿಡು. ಹಾಡು ಕೇಳ್ತೀಯೇನು?"

"ಅಷ್ಟಾಗಿ ಇಲ್ಲ."

"ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ ಪ್ರೊಫೆಸರ್. ಕೂತ್ಕೋ."

ಅವಳು ಹಾಕಿದ್ದು ಯಾರೋ ಅಣ್ಣತಮ್ಮಂದಿರ ಆಲ್ಬಮ್. ಮ್ಯಾಂಡೊಲಿನ್, ಗಿಟಾರು, ಎರಡು ದನಿ, ಬೇರೇನೂ ಇಲ್ಲ. ಯಂತ್ರ ನಿಂತು ಹನ್ನೊಂದು ನಿಮಿಷವಾಗಿದ್ದು ನನಗೆ ತಿಳಿಯಲಿಲ್ಲ. ಮುಂದಿನ ವಾರ ಕಂಟ್ರಿ ಹಾಡುಗಳು, ಅದರ ಮುಂದಿನ ವಾರ ಬೆಟ್ಟದ ಹಳೆಯ ಹಾಡುಗಳಿಗೆ ವಿದ್ಯುತ್ ಗಿಟಾರು ಕಟ್ಟಿದ ಟೆನ್ನೆಸಿಯ ಹುಡುಗರ ರಾಕ್. ನಮ್ಮ ಊರು ಬ್ಲೂಗ್ರಾಸ್ ಎಂಬ ಬೆಟ್ಟದ ಸಂಗೀತದ ಊರು. ಪ್ರತಿ ಮನೆಯಲ್ಲೂ ಒಬ್ಬ ಬ್ಯಾಂಜೊ ಹಿಡಿದವನಿದ್ದಾನೆ. ಆದರೆ ಬೆಟ್ಟದಾಚೆ ಯಾರು ಏನು ಹಾಡುತ್ತಾರೆ ಎಂದು ನಮಗೆ ತಿಳಿದದ್ದು ಸೋಪಿನ ವಾಸನೆಯ ಆ ಕೋಣೆಯಲ್ಲಿ.

ಅವಳು ಇಷ್ಟೆಲ್ಲ ಸಂಗ್ರಹಿಸಲು ಹೊರಟವಳಲ್ಲ. ಹುಡುಕುತ್ತಿದ್ದುದು ಒಂದನ್ನೇ.

ಅವಳ ಗಂಡ ಡೆನ್ಜಿಲ್ ಮೇಲಿನ ಸ್ಥಾಯಿಯಲ್ಲಿ ಹಾಡುತ್ತಿದ್ದ. ೧೯೭೪ರಲ್ಲಿ ಅವನ ತಂಡ ಕೂಡಿಟ್ಟ ಹಣದಲ್ಲಿ ಒಂದು ಆಲ್ಬಮ್ ಮಾಡಿಸಿತು. ಮುನ್ನೂರು ಪ್ರತಿ. ಎಪ್ಪತ್ತರಷ್ಟು ಕಾರಿನ ಡಿಕ್ಕಿಯಿಂದ ಮಾರಾಟವಾದವು. ಉಳಿದವು ಫಿಡಲ್ ನುಡಿಸುವವನ ಕೊಟ್ಟಿಗೆಯಲ್ಲಿದ್ದಾಗ ಕೊಟ್ಟಿಗೆಗೆ ಬೆಂಕಿ ಬಿತ್ತು. ಐದು ವರ್ಷದ ನಂತರ, ಮೂವತ್ತೊಂದನೆಯ ವಯಸ್ಸಿನಲ್ಲಿ, ಡೆನ್ಜಿಲ್ ಮಿದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡ. ಅವಳ ಬಳಿ ಉಳಿದದ್ದು ಒಂದು ಪ್ರತಿ. ಪ್ರತಿ ಸಲ ನುಡಿಸಿದಾಗಲೂ ಮುಳ್ಳು ತಟ್ಟೆಯನ್ನು ಇಷ್ಟಿಷ್ಟೇ ಸವೆಸುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ, ಅವನ ಹುಟ್ಟಿದ ದಿನ, ಬಾಗಿಲು ಹಾಕಿಕೊಂಡು ಒಬ್ಬಳೇ ಕೇಳುತ್ತಿದ್ದಳು. ಇನ್ನೊಂದು ಪ್ರತಿ ಸಿಕ್ಕರೆ ದಿನವೂ ಕೇಳಬಹುದಲ್ಲ ಎಂದು ಶನಿವಾರ ಶನಿವಾರ ನಾಲ್ಕು ಜಿಲ್ಲೆಗಳ ಹಳೆ ಸಾಮಾನಿನ ಸಂತೆಗಳಿಗೆ ಹೋಗುತ್ತಿದ್ದಳು. ಪೆಟ್ಟಿಗೆಯ ತಳದವರೆಗೂ ಹುಡುಕಿ, ಬರಿಗೈಯಲ್ಲಿ ಬರಲಾಗದೆ, ಹೆಸರೇ ಕೇಳದ ಯಾರದೋ ಆಲ್ಬಮ್ ಹಿಡಿದು ಬರುತ್ತಿದ್ದಳು.

"ಡೆನ್ಜಿಲ್ ಸಿಗ್ಲಿಲ್ಲ ಕಣೋ," ಎನ್ನುತ್ತಿದ್ದಳು. "ಇವ್ರು ಸಿಕ್ಕಿದ್ರು. ಕೇಳೋಣ ಬಾ, ಪಾಪ."

ಹಾಗೆ ಸೇರಿದವು ಒಂದು ಸಾವಿರದ ನೂರ ನಲವತ್ತು. ೧೯೯೧ರಲ್ಲಿ ನಾನು ಡೆನ್ಜಿಲ್‌ನ ಆಲ್ಬಮ್ಮನ್ನು ಅವಳಿಗೆ ಕ್ಯಾಸೆಟ್ಟಿಗೂ ಹಾಕಿಕೊಟ್ಟಿದ್ದೆ. ಅದರಲ್ಲಿ ಅವನ ದನಿ ತೆಳುವೆಂದು ಅವಳು ತಟ್ಟೆ ಹುಡುಕುವುದನ್ನು ಬಿಡಲಿಲ್ಲ.

೧೯೯೮ರ ಜುಲೈಯಲ್ಲಿ ಹೊಳೆ ಉಕ್ಕಿ ಅಂಗಡಿಯೊಳಗೆ ಐದೂವರೆ ಅಡಿ ನೀರು ನಿಂತಿತು. ಡೆನ್ಜಿಲ್‌ನದೂ ಸೇರಿ ಕ್ಯಾಸೆಟ್ಟುಗಳೆಲ್ಲ ಕೊಚ್ಚಿಹೋದವು. ತಟ್ಟೆಗಳು ಕೆಸರಿನಲ್ಲಿ ಹೂತು ಉಳಿದವು. ಕೆಸರು ತೊಳೆದರೆ ತಟ್ಟೆಗೆ ಏನೂ ಆಗುವುದಿಲ್ಲ. ನಾನು ಚರ್ಚಿನ ಬಾಗಿಲಿಗೆ ನಾಲ್ಕು ಸಾಲಿನ ಚೀಟಿ ಅಂಟಿಸಿದೆ: ಕೆಸರು ಒಣಗುವ ಮೊದಲು ತೊಳೆಯಿರಿ. ತಣ್ಣೀರು, ಎರಡು ಹನಿ ಸೋಪು. ಮೆದು ಬಟ್ಟೆ. ಚೆನ್ನಾಗಿ ಒಣಗಿಸಿ. ಆಮೇಲೆ ಊರಿಗೆ ಕುಡಿಯುವ ನೀರು ಕೊಡುವ ಕೆಲಸಕ್ಕೆ ಬೆಟ್ಟ ಹತ್ತಿದವನು ನಾಲ್ಕು ದಿನ ಇಳಿಯಲಿಲ್ಲ.

ಮೂವತ್ತೊಂದು ಮನೆಯವರು ತಟ್ಟೆಗಳನ್ನು ಹಂಚಿಕೊಂಡರು. ತಮ್ಮ ಹಾಸಿಗೆ, ಒಲೆ, ಮಕ್ಕಳ ಫೋಟೊಗಳೆಲ್ಲ ಕೆಸರಿನಲ್ಲಿದ್ದಾಗ ಅವರು ಡೆಲ್ಫಿಯಾಳ ತಟ್ಟೆ ತೊಳೆದರು. ಡೆನ್ಜಿಲ್‌ನದನ್ನು ಮಾತ್ರ ಅವಳು ಪಕ್ಕದ ಮನೆಯ ಐಸಿ ಸೈಜ್‌ಮೋರ್‌ಳ ಕೈಗೇ ಕೊಟ್ಟಿದ್ದಳು. ಐಸಿಯಷ್ಟು ಚೊಕ್ಕಟದ ಹೆಂಗಸು ನಮ್ಮಲ್ಲಿ ಇನ್ನೊಬ್ಬಳಿರಲಿಲ್ಲ.

ಐದನೆಯ ದಿನ ಮಧ್ಯಾಹ್ನ ಇಳಿದು ಬರುವಾಗ ತಿರುವಿನಲ್ಲೇ ಕಂಡಿತು. ನಮ್ಮಲ್ಲಿ ಒಣಗಿಸುವುದೆಂದರೆ ತಗಡಿನ ಮಾಡು. ಪ್ರತಿ ವರ್ಷ ಸೇಬು ಹೆಚ್ಚಿ ಹರಡುವುದು ಅಲ್ಲೇ. ಈಗ ಕೊಟ್ಟಿಗೆ, ಶೆಡ್ಡು, ಕೋಳಿಗೂಡು, ಎಲ್ಲದರ ಮಾಡಿನ ಮೇಲೂ ಕಪ್ಪು ತಟ್ಟೆಗಳು, ಒಂದಕ್ಕೊಂದು ತಾಗದಂತೆ, ಸಾಲು ಹಿಡಿದು.

ಐಸಿ ಏಣಿಯ ಮೇಲಿದ್ದಳು.

"ಬಾರೋ ಪ್ರೊಫೆಸರ್! ನೀ ಬರ್ದಂಗೇ ಮಾಡಿದೀನಿ ನೋಡು. ಒಂಚೂರು ತೇವ ಇಲ್ಲ. ದಿನಕ್ಕೆ ಎರಡ್ಸಲ ತಿರುವಿ ಹಾಕಿದೀನಿ."

ನಾನು ಏಣಿ ಹತ್ತಿ ತಗಡು ಮುಟ್ಟಿದೆ, ಕೈ ಹಿಂದೆಳೆದೆ. ಜೇಬಿನಲ್ಲಿದ್ದ ಉಷ್ಣಮಾಪಕ ಇಟ್ಟು ನೋಡಿದರೆ ಅರವತ್ತೇಳು ಡಿಗ್ರಿ. ಅರವತ್ತು ದಾಟಿದರೆ ತಟ್ಟೆಯ ಪ್ಲಾಸ್ಟಿಕ್ಕು ಮೆದುವಾಗುತ್ತದೆ. ಡೆನ್ಜಿಲ್‌ನ ತಟ್ಟೆಯ ಅಂಚು ಕೆಂಡದ ಮೇಲಿಟ್ಟ ಹಪ್ಪಳದಂತೆ ಎದ್ದಿತ್ತು.

"ಸ್ವಲ್ಪ ಸೊಟ್ಟಗಾಗಿದೆ," ಎಂದಳು ಐಸಿ. "ಆದ್ರೆ ಕೆಸರು? ಹುಡುಕು ನೋಡೋಣ!"

ಅಷ್ಟರಲ್ಲಿ ಡೆಲ್ಫಿಯಾ ಅಂಗಳಕ್ಕೆ ಬಂದಳು. ನಾವಿಬ್ಬರೂ ಇಳಿದೆವು. ಐಸಿ ತಟ್ಟೆಯನ್ನು ಒಗೆದ ದಿಂಬಿನ ಚೀಲದಲ್ಲಿ ಇಳಿಬಿಟ್ಟು, ಕೂಸನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟಳು. ಡೆಲ್ಫಿಯಾ ಒಳಗೆ ಇಣುಕಿದಳು. ನಾನು ಬಾಯಿ ತೆರೆದೆ. ಅವಳು ನನ್ನತ್ತ ನೋಡದೆಯೇ ನನ್ನ ಮುಂಗೈ ಹಿಡಿದು ಒತ್ತಿದಳು. ಉಗುರಿನ ಗುರುತು ಸಂಜೆಯವರೆಗೂ ಇತ್ತು.

"ಎಷ್ಟು ಚೊಕ್ಕಟ ಮಾಡಿದೀಯೇ ಐಸಿ," ಎಂದಳು.

"ಮತ್ತೆ? ನಿನ್ನ ಥರ ಯಂತ್ರಕ್ಕೆ ಹಾಕಿ ಹಾಡು ಕೇಳ್ತಾ ಕೂತ್ಕೊಳ್ಳೋಳಾ ನಾನು?"

ಇಬ್ಬರೂ ನಕ್ಕರು.

ಪ್ರಯೋಗಾಲಯದ ಓವನ್ನಿನಲ್ಲಿ ಅದನ್ನು ಸರಿಪಡಿಸಲು ನಾನು ಪ್ರಯತ್ನಿಸಿದೆ. ಮೊದಲು ಸೊಟ್ಟಗಾಗಿದ್ದ ಬೇರೆ ಒಂಬತ್ತು ತಟ್ಟೆಗಳ ಮೇಲೆ, ಎರಡು ದಪ್ಪ ಗಾಜಿನ ನಡುವೆ, ಶಾಖ ಎರಡೆರಡು ಡಿಗ್ರಿ ಏರಿಸುತ್ತ. ಹತ್ತನೆಯದಾಗಿ ಡೆನ್ಜಿಲ್‌ನದು. ತಟ್ಟೆ ಸಪಾಟಾಯಿತು. ಹಾಡು ಕೊರೆದಿದ್ದ ಗೆರೆಗಳು ಮೊದಲಿನಂತೆ ಆಗಲಿಲ್ಲ. ಬಿಸಿಗೆ ಒಮ್ಮೆ ಊದಿಕೊಂಡ ಗೆರೆ ಹಿಂದಕ್ಕೆ ಹೋಗುವುದಿಲ್ಲ. ಇದು ನನಗೆ ಗೊತ್ತಿತ್ತು. ಆದರೂ ಡೆಲ್ಫಿಯಾಳಿಗೆ ಬರಲು ಹೇಳಿದೆ.

ಬ್ಯಾಂಜೊ ನೀರಿನಡಿಯಿಂದ ಬಂದಂತೆ ಬಂತು. ಆಮೇಲೆ ಡೆನ್ಜಿಲ್. ನಿಮಿಷಕ್ಕೆ ಮೂವತ್ತಮೂರು ಸುತ್ತು, ಸುತ್ತಿಗೊಮ್ಮೆ ಅವನ ದನಿ ಕುಸಿದು, ನರಳಿ, ಮೇಲೇಳುತ್ತಿತ್ತು. ಎರಡನೆಯ ಹಾಡಿನಲ್ಲಿ ಮುಳ್ಳು ಜಾರಿ ನಡುವಿನ ಕಾಗದದವರೆಗೂ ಹೋಯಿತು. ನಾನು ಮತ್ತೆ ಇಡಲು ಹೋದೆ.

"ಬೇಡ," ಎಂದಳು ಡೆಲ್ಫಿಯಾ. "ಇದನ್ನೇ ಕೇಳ್ತಾ ಹೋದ್ರೆ ನಂಗೆ ಅವ್ನ ದನಿ ಮರ್ತೇ ಹೋಗುತ್ತೆ."

"ಚೀಟಿ ಬರ್ದೋನು ನಾನು. ನೆರಳಲ್ಲಿ ಒಣಗ್ಸಿ ಅಂತ ಬರೀಲಿಲ್ಲ."

"ಗೊತ್ತು. ಓದ್ದೆ." ಅವಳು ತಟ್ಟೆಯನ್ನು ಚೀಲಕ್ಕೆ ಹಾಕಿದಳು. "ಐಸಿಗೆ ಹೇಳ್ಬೇಡ. ಯಾರಿಗೂ ಹೇಳ್ಬೇಡ. ಅವಳ ಅಡಿಗೆಮನೇಲಿ ಇನ್ನೂ ಕೆಸರಿತ್ತು ಕಣೋ, ಅವಳು ಇದನ್ನ ಉಜ್ತಾ ಕೂತಿದ್ಲು."

ನುಡಿಯುವಂತೆ ಉಳಿದದ್ದು ಇನ್ನೂರ ಹನ್ನೆರಡು. ಯಾರು ತೊಳೆದದ್ದು ಉಳಿಯಿತು, ಯಾರದು ಕೆಟ್ಟಿತು ಎಂದು ಅವಳು ಯಾರಿಗೂ ಹೇಳಲಿಲ್ಲ. ಆರು ಯಂತ್ರ ಕೊಂಡು ಅಂಗಡಿ ತೆರೆದು ಅವನ್ನೇ ತಿರುಗಿಸಿ ಮುರುಗಿಸಿ ಹಾಕಿದಳು.

ಸೆಪ್ಟೆಂಬರಿನ ಒಂದು ಭಾನುವಾರ ಚರ್ಚಿನ ಅಂಗಳದ ಊಟದಲ್ಲಿ, ಹುರುಳಿಕಾಯಿ ಪಾತ್ರೆ ದಾಟಿಸುತ್ತ ಐಸಿ ಕೇಳಿದಳು:

"ಡೆನ್ಜಿಲ್ ಹೇಗಿದಾನೆ?"

"ಚೆನ್ನಾಗಿದಾನೆ," ಎಂದಳು ಡೆಲ್ಫಿಯಾ.

"ಹಾಗಿದ್ರೆ ಒಂದ್ಸಲ ಹಾಕೇ. ಎಲ್ರೂ ಕೇಳ್ಲಿ. ನಾನೂ ಕೇಳ್ತೀನಿ, ನನ್ನ ಕೈಕೆಲಸ."

ಇಪ್ಪತ್ತು ಜನ ನೋಡುತ್ತಿದ್ದರು.

"ಅದು ನಂದು ಐಸಿ. ನಾನೊಬ್ಳೇ ಕೇಳೋದು."

ಐಸಿ ಪಾತ್ರೆ ಕೆಳಗಿಟ್ಟಳು. ಅವಳ ಕಿವಿ ಕೆಂಪಾಗಿತ್ತು. "ಸರಿ ಬಿಡಮ್ಮ," ಎಂದಳು. "ತೊಳಿಯೋಕೆ ನಾವು, ಕೇಳೋಕೆ ನೀನು."

ಆ ಮಾತು ಊರಿನಲ್ಲಿ ನಿಂತಿತು. ಕೆಲವರು ಬಟ್ಟೆ ಒಗೆಯಲು ಪಕ್ಕದ ಊರಿಗೆ ಹೋಗತೊಡಗಿದರು. ಸಂತೆಯಲ್ಲಿ ಡೆಲ್ಫಿಯಾ ಪೆಟ್ಟಿಗೆ ಹುಡುಕುವುದನ್ನು ನೋಡಿದವರು, ಇರುವುದನ್ನೇ ಬಚ್ಚಿಟ್ಟವಳಿಗೆ ಇನ್ನೊಂದು ಯಾಕೆ ಎಂದು ಅವಳಿಗೆ ಕೇಳುವಂತೆಯೇ ಆಡಿಕೊಂಡರು. ನಿಜ ಹೇಳಿಬಿಡುತ್ತೇನೆ ಎಂದು ನಾನು ಮೂರು ಸಲ ಅಂಗಡಿಗೆ ಹೋಗಿ ಹೇಳಿದೆ. ಮೂರು ಸಲವೂ ಅವಳು ನನ್ನ ಬಟ್ಟೆ ತೆಗೆದುಕೊಂಡು ಒಂದು ತಟ್ಟೆ ಹಾಕಿದಳು.

೨೦೦೩ರ ಚಳಿಗಾಲದಲ್ಲಿ ಡೆಲ್ಫಿಯಾ ಸತ್ತಳು. ಇನ್ನೊಂದು ಪ್ರತಿ ಸಿಕ್ಕಿರಲಿಲ್ಲ. ಐಸಿ ಒಣಸೇಬಿನ ಏಳು ಪದರದ ಕೇಕು ಹೊತ್ತು ಬಂದು, ಶವಪೆಟ್ಟಿಗೆಯ ಬಳಿ ನನ್ನ ಪಕ್ಕ ನಿಂತು ಅತ್ತಳು. ಮೂಗೊರೆಸಿಕೊಂಡು ಹೇಳಿದಳು:

"ಒಳ್ಳೇಳೇ. ಆದ್ರೆ ಸ್ವಲ್ಪ ಜಿಪುಣಿ ಕಣೋ. ಅಷ್ಟು ಕಷ್ಟಪಟ್ಟು ಉಳಿಸ್ಕೊಟ್ಟೆ, ಒಂದ್ಸಲಾನೂ ಕೇಳಿಸ್ಲಿಲ್ಲ."

ನಾನು ಹೂಂ ಎಂದೆ.

ಐಸಿ ಕಳೆದ ಮಾರ್ಚಿನಲ್ಲಿ ತೀರಿಕೊಂಡಳು. ಆದ್ದರಿಂದ ಈಗ ಬರೆಯುತ್ತಿದ್ದೇನೆ: ಡೆಲ್ಫಿಯಾ ಅಂಬರ್ಗಿ ಜಿಪುಣಿಯಾಗಿರಲಿಲ್ಲ. ಆ ಐದು ವರ್ಷ ಅವಳ ಬಳಿ ಕೇಳಿಸಲು ಏನೂ ಇರಲಿಲ್ಲ.