ಚೌಕಾಬಾರಕ್ಕೆ ನಾನಿಟ್ಟ ಹೆಸರು

ರೇಣುಕಾ, ನಿನ್ನ ಆಟದ ಮೇಲೆ ದೂರು ಬರೆದವಳು ನಾನು. ನೀನು ಇಷ್ಟು ದಿನ ಅಂದುಕೊಂಡಂತೆ ಯಾವುದೋ ದೊಡ್ಡ ಕಂಪನಿಯಲ್ಲ. ನಾನು — ವಿಮಲಾ.

ಕೊಂಡಾಪುರದ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ, ಊಟದ ಹೊತ್ತಿನಲ್ಲಿ, ಮೊಸರನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಬರೆದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ‘ಹಳೆಯ ಆಟದ ನೆಪದಲ್ಲಿ ಹಣ ಕಟ್ಟಿಸಿ ಜೂಜಾಡಿಸುತ್ತಿದ್ದಾರೆ’ — ಈ ವಾಕ್ಯ ನನ್ನದು. ಸುಳ್ಳೆಂದು ಗೊತ್ತಿದ್ದೇ ಬರೆದದ್ದು. ಬರೆದ ಮೇಲೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಊಟ ಮುಗಿಸಿದೆ. ಅದನ್ನೂ ಹೇಳಿಬಿಡಬೇಕು.

ನಿನಗೆ ಗೊತ್ತಿರುವ ಸಂಗತಿಗಳನ್ನೂ ಇಲ್ಲಿ ಬರೆಯುತ್ತೇನೆ. ಏನನ್ನಾದರೂ ಬಿಟ್ಟರೆ ಆ ಜಾಗದಲ್ಲಿ ನನಗೆ ಅನುಕೂಲವಾದ ಸುಳ್ಳೊಂದು ಬಂದು ಕೂತೀತು ಎಂಬ ಭಯ.

ನಮ್ಮಿಬ್ಬರ ತಂದೆಯರೂ ಕಲಬುರಗಿ ಕಡೆಯಿಂದ ಈ ತೆಲುಗು ನಾಡಿಗೆ ಬಂದು ಇಲ್ಲಿನ ಸರ್ಕಾರಿ ಕಾರ್ಖಾನೆ ಸೇರಿದವರು. ಕ್ವಾರ್ಟರ್ಸಿನಲ್ಲಿ ಅಕ್ಕಪಕ್ಕದ ಮನೆ. ನಿನ್ನ ತಂದೆ ಇಸ್ಪೀಟಿನಲ್ಲಿ ಎಲ್ಲವನ್ನೂ ಕಳೆದರು. ಒಂದು ಮಧ್ಯಾಹ್ನ ನಿನ್ನ ತಾಯಿ ಶಾಂತಾ ಮೌಶಿ ಕೊರಳ ಚಿನ್ನದ ಬೋರಮಾಳ ಬಿಚ್ಚಿ ಅವರ ಕೈಗೆ ಕೊಡುವುದನ್ನು ನಮ್ಮ ಮನೆಯ ಕಿಟಕಿಯಿಂದ ನೋಡಿದ್ದೆ. ಆಗ ನನಗೆ ಹತ್ತು ವರ್ಷ. ನಿನ್ನ ತಂದೆ ಮನೆ ಬಿಟ್ಟು ಹೋದ ಮೇಲೆ ಮೌಶಿ ಸುಲ್ತಾನ್ ಬಜಾರಿನ ಅಂಗಡಿಗಳಿಗೆ ರವಿಕೆ ಹೊಲಿದು ನಿನ್ನನ್ನು ಓದಿಸಿದರು. ‘ಜೂಜು’ ಎಂಬ ಶಬ್ದ ನಿಮ್ಮ ಮನೆಯಲ್ಲಿ ಎಲ್ಲಿ ತಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನೇ ಆರಿಸಿಕೊಂಡೆ — ಅಥವಾ, ಗೊತ್ತಿದ್ದುದರಿಂದಲೇ.

ಶಾಲೆಯಲ್ಲಿ ನೀನು ಮೊದಲು, ನಾನು ಎರಡನೆಯವಳು. ‘ರೇಣುಕಾನ್ನ ನೋಡಿ ಕಲಿ’ ಎಂದು ನಮ್ಮಪ್ಪ ಹೇಳದ ದಿನವಿಲ್ಲ. ಆಮೇಲೆ ಇಬ್ಬರೂ ಒಂದೇ ಗೇಮಿಂಗ್ ಕಂಪನಿ ಸೇರಿದೆವು. ನೀನು ಆಟ ಕಟ್ಟುವವಳು. ನಾನು ಆ ಆಟಗಳು ಕಾನೂನಿನ ಗೆರೆ ದಾಟದಂತೆ ನೋಡಿಕೊಳ್ಳುವವಳು. ಮಕ್ಕಳ ಆಟವೊಂದರಲ್ಲಿ ಬಣ್ಣದ ಪೆಟ್ಟಿಗೆಗಳಿದ್ದವಲ್ಲ — ಹಣ ಕೊಟ್ಟು ತೆರೆಯಬೇಕು, ಒಳಗೇನಿದೆಯೋ ತೆರೆದ ಮೇಲೇ ಗೊತ್ತಾಗಬೇಕು — ಅದರ ಬಗ್ಗೆ ನೀನು ಜಗಳಕ್ಕೇ ಬಂದಿದ್ದೆ.

“ಗೆದ್ದ ಕೂಸು ಆಟಾ ಬಿಟ್ಟು ಹೋಗತೈತಿ, ಸೋತ ಕೂಸು ಇನ್ನೊಂದು ಪೆಟ್ಟಿಗಿ ಕೇಳತೈತಿ. ಅದರ ಮ್ಯಾಲೇ ಕಂಪನಿ ನಡದೈತಿ. ಇದು ಜೂಜಲ್ಲ ಅಂದ್ರ ಮತ್ತೇನಽ?”

“ಕಾನೂನಿನಾಗ ಇದಕ್ಕ ಜೂಜು ಅನ್ನಂಗಿಲ್ಲ,” ಎಂದೆ ನಾನು. ನಿಜವೇ. ಗೆದ್ದವರಿಗೆ ಹಣ ಸಿಗುವುದಿದ್ದರೆ ಮಾತ್ರ ಅದು ಜೂಜು. ಹಣ ಬರೀ ಒಳಗೆ ಹೋಗಿ ಹೊರಗೆ ಬಾರದಿದ್ದರೆ ಅದು ವ್ಯಾಪಾರ. ಈ ವ್ಯತ್ಯಾಸವನ್ನು ವಿವರಿಸುವುದೇ ನನ್ನ ಕೆಲಸವಾಗಿತ್ತು.

ನೀನು ರಾಜೀನಾಮೆ ಕೊಟ್ಟೆ. ನನಗೆ ಹಾಯೆನಿಸಿತು. ಈಗ ಇವಳು ಹಿಂದೆ ಬೀಳುತ್ತಾಳೆ ಅಂದುಕೊಂಡೆ.

ನೀನು ಹಿಂದೆ ಬೀಳಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತು ಫೋನಿಗೆ ಚೌಕಾಬಾರ ಕಟ್ಟಿದೆ. ಕವಡೆ ಉರುಳಿದಾಗ ‘ಚೌಕಾ... ಬಾರಾ...’ ಎಂದು ಕೂಗುವ ದನಿ ಶಾಂತಾ ಮೌಶಿಯದು. ಹಣದ ಮಾತಿಲ್ಲ, ಜಾಹೀರಾತಿಲ್ಲ. ಕಾಯಿ ನಡುಮನೆ ಮುಟ್ಟಿ ಹಣ್ಣಾದರೆ ಪರದೆಯ ಮೇಲೊಂದು ಮಾವಿನಹಣ್ಣು, ಅಷ್ಟೇ. ತೆಲುಗಿನವರು ತಮ್ಮ ಅಷ್ಟಾ ಚೆಮ್ಮಾ ಎಂದು ಆಡಿದರು, ನಮ್ಮವರು ನಮ್ಮದೆಂದು ಆಡಿದರು. ಮೆಟ್ರೊದಲ್ಲಿ ಎದುರು ಕೂತ ಹೆಂಗಸಿನ ಫೋನಿನಿಂದ ಮೌಶಿಯ ದನಿ ಕೇಳಿದ ದಿನ ನಾನು ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟೆ. ನನ್ನ ನಿಲ್ದಾಣ ಇನ್ನೂ ದೂರವಿತ್ತು.

ನಿನಗೆ ಗೊತ್ತಿಲ್ಲದ್ದೊಂದಿದೆ. ಇಂಥದೇ ಆಟವೊಂದನ್ನು ಮಾಡೋಣವೆಂದು ಹಿಂದೆ ನಾನೂ ಕಂಪನಿಯಲ್ಲಿ ಕೇಳಿದ್ದೆ. ಇದರಲ್ಲಿ ಲಾಭವೆಲ್ಲಿದೆ ಎಂದು ಮ್ಯಾನೇಜರ್ ನಕ್ಕಾಗ ನಾನೂ ಜೊತೆಗೆ ನಕ್ಕು ಎದ್ದು ಬಂದಿದ್ದೆ. ನೀನು ನಗಲಿಲ್ಲ, ಮಾಡಿದೆ. ನನ್ನ ಹೊಟ್ಟೆ ಉರಿದದ್ದು ನಿನ್ನ ಹೆಸರಿಗಲ್ಲ — ಆ ಧೈರ್ಯಕ್ಕೆ.

ಆ ಭಾನುವಾರ ನಮ್ಮಪ್ಪ ಫೋನಿನಲ್ಲಿ ಅದನ್ನು ಆಡುತ್ತಾ ಕೂಸಿನಂತೆ ನಗುತ್ತಿದ್ದರು. ನಾನು ಏನು ಕೆಲಸ ಮಾಡುತ್ತೇನೆಂದು ಅವರು ಒಮ್ಮೆಯೂ ಕೇಳಿದವರಲ್ಲ. “ರೇಣುಕಾ ಎಂಥಾ ಕೆಲಸಾ ಮಾಡ್ಯಾಳ ನೋಡವಾ,” ಎಂದರು. ಮರುದಿನವೇ ಆ ದೂರು. ಹಣದಾಟಗಳಿಗೆ ಈ ರಾಜ್ಯದಲ್ಲಿ ನಿಷೇಧವಿದೆ. ಯಾವ ಶಬ್ದ ಬರೆದರೆ ಆ್ಯಪ್ ಸ್ಟೋರಿನವರು ಮೊದಲು ಆಟ ತೆಗೆದು ಆಮೇಲೆ ವಿಚಾರಿಸುತ್ತಾರೆ ಎಂಬುದು ನನಗೆ ಬಾಯಿಪಾಠ. ಜನರನ್ನು ಕಾಯಲೆಂದು ಮಾಡಿದ ನಿಯಮವನ್ನು ನಾನು ಬಳಸಿದ್ದು ನಿನ್ನ ಮೇಲೆ. ಎರಡೇ ದಿನದಲ್ಲಿ ನಿನ್ನ ಆಟ ಕಾಣೆಯಾಯಿತು.

ಇಷ್ಟಕ್ಕೇ ನಿಂತಿದ್ದರೆ... ಇಲ್ಲ, ನಿಲ್ಲಲಿಲ್ಲ.

ಕ್ವಾರ್ಟರ್ಸಿನವರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹಬ್ಬಿತು. ನೀನು ಅಳುತ್ತಾ ಫೋನ್ ಮಾಡಿದೆ. ಸಮಾಧಾನ ಹೇಳಲು ಬೇಗಂಪೇಟೆಯ ನಿಮ್ಮ ಮನೆಗೆ ಬಂದೆ — ನಾನೇ. ನೀನು ಒಳಗೆ ಚಹಾ ಮಾಡುತ್ತಿದ್ದೆ. ಮೌಶಿ ನನ್ನ ಮೊಣಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

“ವಿಮಲಾ, ನೀ ಅದೇ ಕೆಲಸದಾಗ ಅದಿ. ನಿನಗ ಎಲ್ಲಾ ತಿಳಿತೈತಿ. ಖರೇ ಹೇಳು, ನನ್ನ ಮಗಳು ಮಾಡಿದ್ದು ಜೂಜೇನು?”

ಅಲ್ಲ ಮೌಶಿ — ಎರಡೇ ಶಬ್ದ. ಅವು ನಾಲಿಗೆಯ ತುದಿಯವರೆಗೂ ಬಂದಿದ್ದವು.

“ನನಗ ಗೊತ್ತಿಲ್ಲ ಮೌಶಿ,” ಎಂದೆ.

ಅವರು ನನ್ನ ಕೈ ಬಿಟ್ಟರು. ನೀನು ಚಹಾ ತಂದಾಗ ಮುಖವೆತ್ತಿ ನೋಡಲಿಲ್ಲ. “ನಿಮ್ಮಪ್ಪನ ಕೈಗುಣ ನಿನಗೂ ಬಂತಲ್ಲವ್ವಾ” ಎಂದರು. ಚಹಾದ ಕಪ್ಪು ನಿನ್ನ ಕೈಯಲ್ಲೇ ಉಳಿಯಿತು. ನಾನು ನೆಲ ನೋಡುತ್ತಾ ಕೂತಿದ್ದೆ.

ಕೆಲವು ತಿಂಗಳ ಮೇಲೆ ದೂರಿನಲ್ಲಿ ಹುರುಳಿಲ್ಲವೆಂಬ ಪತ್ರ ಆ್ಯಪ್ ಸ್ಟೋರಿನವರಿಂದ ಬಂತು. ನೀನು ಅದನ್ನು ಓದಿ ಹೇಳಿದರೂ ಮೌಶಿ ನಂಬಲಿಲ್ಲ. ತಿಳಿದವಳಾದ ವಿಮಲಾಳೇ ಗೊತ್ತಿಲ್ಲ ಅಂದಿದ್ದಳಲ್ಲ. ನೀನು ಆಟವನ್ನು ಮತ್ತೆ ಹಾಕಲಿಲ್ಲ. ಆಗ ನಾನೇ ನಿನಗೆ ನಮ್ಮ ಕಂಪನಿಯಲ್ಲಿ ಮತ್ತೆ ಕೆಲಸ ಕೊಡಿಸಿದೆ. ದೊಡ್ಡ ಉಪಕಾರವೆಂದು ನೀನು ಕೈ ಮುಗಿದೆ. ಈಗ ಮಕ್ಕಳು ತೆರೆಯುವ ಆ ಪೆಟ್ಟಿಗೆಗಳಿಗೆ ಬಣ್ಣ ಆರಿಸುವವಳು ನೀನು. ಎರಡು ಮೇಜಿನಾಚೆ ನಿನ್ನ ಬಗ್ಗಿದ ತಲೆ ಕಂಡಾಗಲೆಲ್ಲ ನನ್ನ ಹೊಟ್ಟೆಯೊಳಗೆ ತಂಪಾಗುತ್ತಿತ್ತು. ಆ ತಂಪನ್ನೇ ಮೂರು ವರ್ಷ ಸ್ನೇಹವೆಂದು ಕರೆದೆ.

ಮೌಶಿ ನಿನ್ನ ಸಂಬಳ ಮುಟ್ಟದೆ ಮತ್ತೆ ರವಿಕೆ ಹೊಲಿಯುತ್ತಿದ್ದಾರೆಂದು ನೀನು ಕಳೆದ ವಾರ ಮಾತಿನ ನಡುವೆ ಹೇಳಿದೆ. ನಿನಗೆ ಅದು ಹಳೆಯ ಮಾತು. ನನಗೆ ಅದಾದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ನಿನ್ನೆ ನೀನಿಲ್ಲದ ಹೊತ್ತು ನೋಡಿ ನಿಮ್ಮ ಮನೆಗೆ ಹೋದೆ. ಹೊಲಿಗೆ ಯಂತ್ರದ ಮುಂದೆಯೇ ಕೂತಿದ್ದರು. ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸೂಜಿಯ ಕೆಳಗಿನ ಬಟ್ಟೆಯನ್ನು ಬಿಡಿಸಿ ಪಕ್ಕಕ್ಕಿಟ್ಟರು.

“ಮೂರು ವರ್ಷ ನಾ ಆಕಿ ಕೂಡ ಬಾಯಿ ತುಂಬ ಮಾತಾಡಿಲ್ಲ,” ಎಂದರು. “ನನಗ ಯಾಕ ಹೇಳತಿ? ಆಕಿಗೆ ಹೇಳು ಹೋಗು.”

ಅದಕ್ಕೇ ಈ ಕಾಗದ. ದೂರು ಸುಳ್ಳೆಂದು ಆ್ಯಪ್ ಸ್ಟೋರಿನವರಿಗೆ ನನ್ನ ಹೆಸರು ಹಾಕಿಯೇ ಬರೆದು ಕಳಿಸಿದ್ದೇನೆ. ಅದರ ಪ್ರತಿ ಇದರ ಜೊತೆಗಿದೆ. ಆಫೀಸಿನಲ್ಲೂ ಹೇಳುತ್ತೇನೆ. ನನ್ನ ಕೆಲಸ ಹೋದರೆ ಅದು ಶಿಕ್ಷೆಯಲ್ಲ, ಬಹಳ ತಡವಾಗಿ ಆಗಬೇಕಾದದ್ದು ಆದಂತೆ.

ಕ್ಷಮಿಸು ಎಂದು ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ. ನೀನು ಕ್ಷಮಿಸಿಬಿಡುತ್ತೀಯೆಂದು ನನಗೆ ಗೊತ್ತು. ಆಗ ಅದಕ್ಕೂ ನನಗೆ ಹೊಟ್ಟೆಕಿಚ್ಚು ಬರುತ್ತದೆ — ನಾನು ಇಂಥವಳು. ಆದ್ದರಿಂದ ಕೇಳುವುದಿಲ್ಲ. ನಾಳೆ ಬೆಳಿಗ್ಗೆ ಇದನ್ನು ನಾನೇ ನಿನ್ನ ಕೈಗೆ ಕೊಡುತ್ತೇನೆ. ನೀನು ಕೊನೆಯ ಸಾಲು ಓದಿ ತಲೆಯೆತ್ತುವವರೆಗೂ ಎದುರಿಗೇ ನಿಂತಿರುತ್ತೇನೆ.