ತಡೆಗೋಡೆಯಲ್ಲಿ ಬಿಟ್ಟ ಸಂದು

ನಮ್ಮಲ್ಲಿ ಒಂದು ಹನಿ ಬೀಳದಿದ್ದರೂ ಬೆಂಗಳೂರಿನಲ್ಲಿ ಮಳೆ ಹೊಯ್ದರೆ ನಮ್ಮ ಹೊಳೆ ತುಂಬುತ್ತದೆ. ಮೇಲಿನ ಅಣೆಕಟ್ಟೆಯ ಬಾಗಿಲು ತೆಗೆದರಂತೂ ತಮಿಳುನಾಡಿನ ಹೊಸೂರಿನ ಕೆಳಗಿರುವ ನಮ್ಮ ಹೊಳೆಬೀದಿಗೆ ನೀರು ಹೇಳದೆ ಕೇಳದೆ ಬರುತ್ತದೆ. ನಾನು ಪಂಚಾಯಿತಿಯ ವಾರ್ಡ್ ಮೆಂಬರ್ ಆದ ವರ್ಷವೇ ತಡೆಗೋಡೆ ಮಂಜೂರಾಯಿತು. ಎಲ್ಲ ನನ್ನಿಂದಲೇ ಆಯಿತೆಂದು ಬೀಗಿದೆ. ನಿಜ ಹೇಳಬೇಕೆಂದರೆ ಫೈಲು ನನಗಿಂತ ಮೊದಲೇ ಹೊರಟಿತ್ತು.

ಎಂಜಿನಿಯರ್ ಧರ್ಮಪುರಿ ಕಡೆಯ ತಮಿಳರು. ಒಳ್ಳೆಯ ಮನುಷ್ಯ, ಆದರೆ ಗೋಡೆಯೆಂದರೆ ಈ ತುದಿಯಿಂದ ಆ ತುದಿಗೆ ಗೋಡೆಯೇ ಇರಬೇಕು ಎನ್ನುವವರು. ನಮ್ಮ ಬೀದಿಯ ಹೆಂಗಸರ ಸೊಪ್ಪಿನ ಮಡಿ, ಟೊಮೇಟೊ, ಹಸುಗಳ ಹುಲ್ಲು ಎಲ್ಲ ಇರುವುದು ಗೋಡೆಯಾಚೆ, ಹೊಳೆದಂಡೆಯಲ್ಲಿ. ದಾರಿ ಬಿಡದಿದ್ದರೆ ದಿನಾ ಊರು ಸುತ್ತಬೇಕು. ನಾನು ಹಟ ಹಿಡಿದೆ. ಕೊನೆಗೆ ಹುಲ್ಲಿನ ಹೊರೆ ಹೊತ್ತವರು ಅಡ್ಡ ತಿರುಗದೆ ಹಾಯುವಷ್ಟು ಒಂದು ಸಂದು ಬಿಟ್ಟರು. ಎರಡೂ ಪಕ್ಕ ಮೇಲಿಂದ ಕೆಳಗೆ ಕೊರಕಲು ಮಾಡಿದರು. ನೀರು ಬರುವ ಸುದ್ದಿ ಬಂದರೆ ದಪ್ಪ ಹಲಗೆಗಳನ್ನು ಒಂದರ ಮೇಲೊಂದು ಅದರಲ್ಲಿ ಇಳಿಸಿ ಸಂದು ಮುಚ್ಚಬೇಕು.

ಇದಕ್ಕೆ ವಿರೋಧ ಬಂದದ್ದು ನಮ್ಮ ಮನೆಯಿಂದಲೇ. ಸಂದಿನ ಎದುರಿಗೇ ನಮ್ಮ ಮನೆ. ಹಿಂದೊಮ್ಮೆ ಹೊಳೆ ಒಳಗೆ ಬಂದು ಮಣ್ಣಿನ ವಾಡೆಯಲ್ಲಿ ತುಂಬಿಟ್ಟ ರಾಗಿಯೆಲ್ಲ ನೆನೆದು ಮೊಳಕೆ ಒಡೆದದ್ದನ್ನು ನನ್ನ ಅತ್ತೆ ಮರೆತಿರಲಿಲ್ಲ. ಮಂಡಿನೋವಿನಿಂದ ಜಗಲಿ ಬಿಟ್ಟು ಇಳಿಯದ ಅವರು, ಸೊಸೆ ಹೊಳೆಗೆ ಬಾಗಿಲು ಇಟ್ಟುಕೊಟ್ಟಿದ್ದಾಳೆ ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಸಾರಿದರು. ನನಗೆ ಮೈ ಉರಿಯುತ್ತಿತ್ತು. ಆದರೂ ಭಯ ಸುಳ್ಳಲ್ಲವಲ್ಲ, ನೀರು ನುಗ್ಗಿದರೆ ಮೊದಲು ನೆನೆಯುವುದು ಅವರ ಹಾಸಿಗೆಯೇ.

ಹಲಗೆಗಳನ್ನು ಅಂಗನವಾಡಿಯ ಹಿಂದೆ ಜೋಡಿಸಿಟ್ಟೆವು. ಬೀಗದ ಕೈ ಇಟ್ಟುಕೊಳ್ಳಲು ಯಾರೂ ಒಪ್ಪಲಿಲ್ಲ, ಹಾಗಾಗಿ ಬೀಗವನ್ನೂ ಹಾಕಲಿಲ್ಲ. ನಮ್ಮೂರಲ್ಲಿ ಪಂಚಾಯಿತಿಯದ್ದು ಎಂದರೆ ಎಲ್ಲರದ್ದು, ಎಲ್ಲರದ್ದು ಎಂದರೆ ಮೊದಲು ಕಣ್ಣು ಬಿದ್ದವರದ್ದು.

ಒಂದು ಮಧ್ಯಾಹ್ನ ಮೈಕು ಕಟ್ಟಿದ ಆಟೋ ಬಂದು, ಅಣೆ ತೆರೆದಿದ್ದಾರೆ, ದಂಡೆಗೆ ಇಳಿಯಬೇಡಿ ಎಂದು ತಮಿಳಿನಲ್ಲಿ ಕೂಗಿಕೊಂಡು ಹೋಯಿತು. ನಾನು ಅಂಗನವಾಡಿಯ ಹಿಂದಕ್ಕೆ ಓಡಿದರೆ ಒಂದು ಹಲಗೆಯೂ ಇಲ್ಲ. ಒಬ್ಬೊಬ್ಬರೂ ಒಂದೋ ಎರಡೋ ಒಯ್ದಿದ್ದರು, ಮಿಕ್ಕವು ಇವೆಯಲ್ಲ ಎಂದುಕೊಂಡು. ಟೀ ಅಂಗಡಿಯವನು ಒಂದರ ಮೇಲೆ ವಡೆಯ ತಟ್ಟೆ ಜೋಡಿಸಿದ್ದ. ಎರಡು, ಮದುವೆ ಮನೆಯ ಚಪ್ಪರದಲ್ಲಿ ಅಡುಗೆಯವರ ಈಳಿಗೆಮಣೆಯ ಕೆಳಗಿದ್ದವು. ಹಾಲಿನ ಡೈರಿಯ ಮುಂದಿನ ಕೆಸರಿಗೆ ಒಂದು ಸೇತುವೆಯಾಗಿತ್ತು. ಬೈಯುತ್ತ, ನಗುತ್ತ, ಒಬ್ಬರ ಮೇಲೊಬ್ಬರು ದೂರು ಹೇಳುತ್ತ ಬೀದಿಯೆಲ್ಲ ಹಲಗೆ ಹೊತ್ತು ನಮ್ಮ ಮನೆ ಮುಂದಕ್ಕೆ ಬಂತು. ಕೊನೆಯದೊಂದು ಸಿಗಲಿಲ್ಲ. ನಾನು ಊರನ್ನೆಲ್ಲ ಕಳ್ಳರೆಂದು ಬೈಯುತ್ತಿರುವಾಗ ಅತ್ತೆ ಮೆಲ್ಲಗೆ ಹಿತ್ತಲ ಕಡೆ ಕೈ ತೋರಿಸಿದರು. ಯಾರ ಕೈಲೋ ತರಿಸಿ ಹಾಕಿಸಿದ ಹಲಗೆಯ ಮೇಲೆ ಅವರ ಹುಣಸೆಹಣ್ಣು ಒಣಗುತ್ತಿತ್ತು.

ಸಂಜೆ ಹೊತ್ತಿಗೆ ನೀರು ಬಂತು. ಜೇಡಿಮಣ್ಣು ಮೆತ್ತಿ, ಮರಳಿನ ಚೀಲ ಒತ್ತಿದ ಹಲಗೆಗಳ ಅರ್ಧಕ್ಕೆ ಏರಿ ನಿಂತಿತು. ಸಂದಿಯಲ್ಲಿ ಜಿನುಗಿದ್ದು ನಮ್ಮ ಅಂಗಳ ಒದ್ದೆಯಾಗುವಷ್ಟು ಮಾತ್ರ. ನೀರು ಇಳಿಯುವ ತನಕ ಇಡೀ ಬೀದಿ ನಮ್ಮ ಜಗಲಿಯಲ್ಲೇ ಕೂತಿತು. ಅತ್ತೆ ಕೂತಲ್ಲಿಂದಲೇ ನನ್ನ ಕೈಲಿ ಚಿತ್ರಾನ್ನ ಮಾಡಿಸಿ, ಉಪ್ಪು ಕಡಿಮೆ ಎಂದು ಎಲ್ಲರ ಮುಂದೆ ಹೇಳಿದರು. ಅವರು ಅಷ್ಟು ಗೆಲುವಾಗಿದ್ದುದನ್ನು ನಾನು ನೋಡಿರಲಿಲ್ಲ.

ಮುಂದಿನ ಗ್ರಾಮಸಭೆಗೆ ಎಂಜಿನಿಯರ್ ಬಂದರು. ಹಲಗೆ ನಂಬಿಕೊಂಡು ಕೂರಲಾಗದು, ಸಂದಿಗೆ ಕಾಂಕ್ರೀಟು ಹಾಕಿ ಮುಚ್ಚಿಬಿಡೋಣ ಎಂದರು. ಹೆದರಿದ್ದ ಜನ ತಲೆಯಾಡಿಸಿದರು. ಹಲಗೆ ಕಳೆದುಕೊಂಡ ಮೆಂಬರ್ ಯಾವ ಮುಖ ಇಟ್ಟುಕೊಂಡು ಬೇಡವೆನ್ನುವುದು? ಆಗ, ಎಂದೂ ಜಗಲಿ ಇಳಿಯದ ಅತ್ತೆ ನನ್ನ ನಾದಿನಿಯ ಹೆಗಲು ಹಿಡಿದು ಸಭೆಯ ಹಿಂದಿನಿಂದ ಎದ್ದು ನಿಂತರು. ಮುಚ್ಚಿಸಲಿಕ್ಕೇ ಬಂದಿದ್ದಾರೆ ಎಂದುಕೊಂಡೆ.

"ಮುಚ್ಬ್ಯಾಡಿ ಸಾರ್," ಎಂದರು. "ಹಲ್ಗೆಗಳ್ನ ನಮ್ ಜಗ್ಲಿ ಮ್ಯಾಲೆ ಇಡ್ಸಿ, ನಾನ್ ಕಾಯ್ತೀನಿ. ಯಾವನ್ ಎತ್ಕೊಂಡೋಗ್ತಾನೋ ನೋಡೇಬುಡ್ತೀನಿ."

ಜನ ನಕ್ಕರು. ಅವರು ಕೂರಲಿಲ್ಲ.

"ಹೊಳೆ ಎಲ್ಲೋ ಒಂದೊಂದ್ ವರ್ಸ ಬತ್ತದೆ. ಜನ ದಿನಾ ಬತ್ತಾರೆ. ಸೊಪ್ಪಿಗ್ ಹೋಗೋರು, ಹುಲ್ಲಿಗ್ ಹೋಗೋರು, ಎಲ್ರೂ ನನ್ನ ಮಾತಾಡಿಸ್ಕೊಂಡೇ ಹೋಗೋದು. ಅದ್ನ ಮುಚ್ಬುಟ್ರೆ ನಮ್ ಬಾಗ್ಲಾಗೆ ಯಾರ್ ಬತ್ತಾರೆ?"

ಸಂದಿಗಾಗಿ ಹುಲ್ಲು, ಹಸು, ಸೊಪ್ಪು ಎಂದು ನಾನು ಏನೆಲ್ಲ ವಾದ ಮಾಡಿದ್ದೆ. ಒಂದೇ ಮನೆಯಲ್ಲಿದ್ದೂ ಇದೊಂದು ನನಗೆ ಹೊಳೆದಿರಲಿಲ್ಲ. ಎಂಜಿನಿಯರ್ ನನ್ನ ಕಡೆ ತಿರುಗಿ, ಅಮ್ಮ ಏನು ಹೇಳುತ್ತಾರೆ ಎಂದು ತಮಿಳಿನಲ್ಲಿ ಕೇಳಿದರು. ಹಲಗೆಯ ಮಾತನ್ನು ಸರಾಗವಾಗಿ ಹೇಳಿದೆ. ನಮ್ಮ ಬಾಗಿಲಿಗೆ ಯಾರು ಬರುತ್ತಾರೆ ಎಂಬುದಕ್ಕೆ ಬಂದಾಗ, ಶಾಲೆಯ ದಿನಗಳಿಂದ ಮಾತಾಡಿಕೊಂಡು ಬಂದ ತಮಿಳು ಸಾಲದೆ, ಹೋಗಿ ಅತ್ತೆಯ ಇನ್ನೊಂದು ಕೈ ಹಿಡಿದು ನಿಂತೆ.